ಐದನೇ ತಿಂಗಳ ಅಳತೆ



ಕ್ಯಾಲೆಂಡರ್ ನೋಡುವುದನ್ನು ನಾವು ಕಲಿತಿದ್ದೇವೆ. ತಾರೀಖು ಬರೆಯುವುದನ್ನೂ ಕಲಿತಿದ್ದೇವೆ. ಈ ಪಾಠದಲ್ಲಿ ಅದೇ ಕ್ಯಾಲೆಂಡರನ್ನು ಮುಂದೆ ಇಟ್ಟುಕೊಂಡು ಒಂದು ದೊಡ್ಡ ವಿಷಯ ತಿಳಿಯೋಣ. ಹೊಟ್ಟೆಯಲ್ಲಿರುವ ಕೂಸು ಸರಿಯಾಗಿ ಬೆಳೀತಾ ಇದೆಯೋ ಇಲ್ಲವೋ? ಅದನ್ನು ತಿಳಿಯುವುದು ಹೇಗೆ?

ದಾವಣಗೆರೆಯ ಸರಸ್ವತಿ ನಗರ ಇರಲಿ, ಹರಿಹರದ ಹೊಳೆ ದಂಡೆಯ ಓಣಿ ಇರಲಿ, ಬಸುರಿಯನ್ನು ಕಂಡ ಕೂಡಲೇ ಎಲ್ಲರ ಕಣ್ಣೂ ಹೊಟ್ಟೆಯ ಮೇಲೆ. ನೀರು ಹಿಡಿಯುವ ನಲ್ಲಿ ಹತ್ತಿರ ಇಂಥ ಮಾತು ಕೇಳುತ್ತೇವೆ.

"ಯಾಕವ್ವಾ, ನಿನ್ನ ಸೊಸಿಗೆ ಐದು ತುಂಬಿದ್ರೂ ಹೊಟ್ಟೆನೇ ಕಾಣವಲ್ದು?"

"ಸಣ್ಣದಿದ್ರೆ ಒಳ್ಳೇದು ಬಿಡು ತಾಯಿ. ಕೂಸು ಸಣ್ಣದಿದ್ರೆ ಹೆರಿಗೆ ಸಲೀಸು. ಅದಕ್ಕೇ ರಾತ್ರಿ ಒಂದು ರೊಟ್ಟಿ ಕಮ್ಮಿ ತಿನ್ನು ಅಂದೀನಿ."

ಈ ಅತ್ತೆ ಕೆಟ್ಟವರಲ್ಲ. ಅವರ ಕಾಲದಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಕೂಸು ಅಡ್ಡ ಸಿಕ್ಕರೆ ತಾಯಿಯ ಜೀವವೇ ಹೋಗುತ್ತಿತ್ತು. ಆ ಹೆದರಿಕೆಯಿಂದ ಈ ಮಾತು ಹುಟ್ಟಿದೆ. ಇವತ್ತು ಹೆರಿಗೆ ಕಷ್ಟವಾದರೆ ಆಪರೇಷನ್ ಇದೆ. ಆದರೆ ಹೊಟ್ಟೆಯಲ್ಲೇ ಸೊರಗಿದ ಕೂಸನ್ನು ಹುಟ್ಟಿದ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಆದ್ದರಿಂದ ಅತ್ತೆಯವರ ಮಾತನ್ನು ನಾವು ಒಪ್ಪುವುದಿಲ್ಲ.

ಐದು ತಿಂಗಳ ಕೂಸು ಎಷ್ಟು ದೊಡ್ಡದು?

ಡಾಕ್ಟರು ತಿಂಗಳ ಲೆಕ್ಕ ಹಾಕುವುದಿಲ್ಲ. ವಾರದ ಲೆಕ್ಕ ಹಾಕುತ್ತಾರೆ. ಕೊನೆಯ ಸಲ ಮುಟ್ಟಾದ ಮೊದಲನೇ ದಿನದಿಂದ ಎಣಿಕೆ ಶುರು. ಅಲ್ಲಿಂದ 40 ವಾರಕ್ಕೆ ದಿನ ತುಂಬುತ್ತದೆ. 20 ವಾರ ಅಂದರೆ ಸರಿಯಾಗಿ ಅರ್ಧ ದಾರಿ.

ಅರ್ಧ ದಾರಿಯಲ್ಲಿ ಕೂಸು ತಲೆಯಿಂದ ಹಿಮ್ಮಡಿವರೆಗೆ ಸುಮಾರು 25 ಸೆಂಟಿಮೀಟರ್ ಇರುತ್ತದೆ. ಅಂದರೆ ಒಂದು ಗೇಣಿಗಿಂತ ಚೂರು ಹೆಚ್ಚು. ತೂಕ ಸುಮಾರು 300 ಗ್ರಾಂ, ಕಾಲು ಕೆ.ಜಿ.ಗಿಂತ ಸ್ವಲ್ಪ ಮೇಲೆ. ಕೈಕಾಲು, ಬೆರಳು, ಮೂಗು, ಕಿವಿ ಎಲ್ಲಾ ಮೂಡಿರುತ್ತವೆ. ಕೂಸು ಅಲ್ಲಾಡುವುದು ತಾಯಿಗೆ ಗೊತ್ತಾಗುವುದೂ ಈ ಹೊತ್ತಿಗೇ. ಗರ್ಭಕೋಶದ ಮೇಲಿನ ಅಂಚು ಹೊಕ್ಕಳ ಮಟ್ಟಕ್ಕೆ ಬಂದಿರುತ್ತದೆ. ಇಲ್ಲಿಂದ ಮುಂದಿನ 20 ವಾರದಲ್ಲಿ ಕೂಸಿನ ತೂಕ ಸುಮಾರು ಹತ್ತು ಪಟ್ಟು ಆಗಬೇಕು. ಹುಟ್ಟುವಾಗ ಕನಿಷ್ಠ ಎರಡೂವರೆ ಕೆ.ಜಿ. ಇರಬೇಕು. ಮೂರು ಕೆ.ಜಿ. ಆದರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ಐದನೇ ತಿಂಗಳಿಗೋ ಏಳನೇ ತಿಂಗಳಿಗೋ ಕುಬಸ ಮಾಡುತ್ತೇವೆ. ಹಸಿರು ಬಳೆ ತೊಡಿಸುತ್ತೇವೆ, ಉಡಿ ತುಂಬುತ್ತೇವೆ, ಬಯಕೆ ಊಟ ಹಾಕುತ್ತೇವೆ. ಐದನೇ ತಿಂಗಳೇ ಸ್ಕ್ಯಾನಿಂಗ್‌ಗೂ ಸರಿಯಾದ ಹೊತ್ತು. 18ರಿಂದ 20 ವಾರದ ಒಳಗೆ ಒಂದು ಸ್ಕ್ಯಾನಿಂಗ್ ಆಗಲೇಬೇಕು. ಕುಬಸಕ್ಕೆ ಸೀರೆ ತರಲು ಪೇಟೆಗೆ ಹೋದ ದಿನವೇ ಆಸ್ಪತ್ರೆಗೂ ಹೋಗಿ ಬಂದರೆ ಆಯಿತು.

ಸ್ಕ್ಯಾನಿಂಗ್‌ನಲ್ಲಿ ಕೂಸಿನ ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆ ಮೂಳೆಯ ಉದ್ದ ಅಳೆಯುತ್ತಾರೆ. ವರದಿಯಲ್ಲಿ ಬಿ.ಪಿ.ಡಿ., ಎಚ್.ಸಿ., ಎ.ಸಿ., ಎಫ್.ಎಲ್. ಎಂದು ನಾಲ್ಕು ಸಾಲು ಇರುತ್ತವೆ. ಈ ಅಕ್ಷರಗಳು ಅದೇ ನಾಲ್ಕು ಅಳತೆಗಳು. ಪಕ್ಕದಲ್ಲಿ ಇಷ್ಟು ವಾರ, ಇಷ್ಟು ದಿನ ಎಂದು ಬರೆದಿರುತ್ತಾರೆ. ಈ ನಾಲ್ಕು ಸಾಲು ಓದಲು ಇಂಗ್ಲಿಷ್ ಪೂರ್ತಿ ಬರಬೇಕಾಗಿಲ್ಲ. ಅಂಕಿ ಓದಲು ಬಂದರೆ ಸಾಕು.

ಒಂದು ಮಾತು. ಸ್ಕ್ಯಾನಿಂಗ್ ಇರುವುದು ಗಂಡೋ ಹೆಣ್ಣೋ ನೋಡುವುದಕ್ಕೆ ಅಲ್ಲ. ಅದನ್ನು ಕೇಳುವುದೂ ತಪ್ಪು, ಹೇಳುವುದೂ ತಪ್ಪು. ಇದಕ್ಕೆ 1994ರಲ್ಲೇ ಕಾನೂನು ಆಗಿದೆ.

ಸಣ್ಣದು ಅಂದರೆ ಯಾವುದಕ್ಕಿಂತ ಸಣ್ಣದು?

ಈ ಪಾಠದ ಗಂಟು ಇರುವುದು ಇಲ್ಲೇ. ನಿಧಾನವಾಗಿ ಓದಿ.

18 ವಾರದ ಕೂಸಿನಷ್ಟು ಅಳತೆ ಬಂತು ಅಂತ ಇಟ್ಟುಕೊಳ್ಳಿ. ಅದು ಸಣ್ಣದೋ, ಸರಿಯಾಗಿದೆಯೋ? ಹೇಳಲು ಬರುವುದಿಲ್ಲ. ನಿಜವಾಗಿ 18 ವಾರವೇ ಆಗಿದ್ದರೆ ಕೂಸು ಸರಿಯಾಗಿದೆ. 20 ವಾರ ಆಗಿದ್ದರೆ ಕೂಸು ಸಣ್ಣದು. ಎಷ್ಟು ವಾರ ಆಗಿದೆ ಎಂದು ಯಾರು ಹೇಳಬೇಕು? ತಾಯಿಯೇ ಹೇಳಬೇಕು. ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನಿಂಗ್ ಆಗಿದ್ದರೆ ಆ ವರದಿಯೂ ಹೇಳುತ್ತದೆ.

ಆಸ್ಪತ್ರೆಯಲ್ಲಿ "ಕೊನೇ ಸಲ ಮುಟ್ಟಾಗಿದ್ದು ಯಾವಾಗ?" ಎಂದು ಕೇಳಿದರೆ ನಾವು ಹೇಗೆ ಹೇಳುತ್ತೇವೆ? "ದುಗ್ಗಮ್ಮನ ಜಾತ್ರೆ ಆದಮೇಲೆ." "ಯುಗಾದಿ ಹತ್ರ ಹತ್ರ." "ನಮ್ಮ ನಾದಿನಿ ಮದುವೆ ಆಗಿ ವಾರ ಆಗಿತ್ತೇನೋ." ದುಗ್ಗಮ್ಮನ ಜಾತ್ರೆ ಎಷ್ಟು ದಿನ ನಡೆಯುತ್ತದೆ ಎಂದು ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ! ಜಾತ್ರೆಯ ಮೊದಲ ದಿನವೋ, ಮುಗಿದ ಮೇಲೋ? ಅಲ್ಲೇ ಹತ್ತು ಹದಿನೈದು ದಿನ ಹೆಚ್ಚು ಕಡಿಮೆ ಆಗಿಬಿಡುತ್ತದೆ.

ಈಗ ಒಂದು ಲೆಕ್ಕ ನೋಡೋಣ.

ಒಬ್ಬ ತಾಯಿಗೆ ಜನವರಿ 10ರಂದು ಕೊನೆಯ ಮುಟ್ಟು ಆಯಿತು. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ. ಆಕೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿದ್ದಾಳೆ. ಆಕೆಗೆ ತಿಂಗಳು ತಿಂಗಳೂ ಸರಿಯಾಗಿ ಮುಟ್ಟು ಆಗುತ್ತಿತ್ತು. ಹೆರಿಗೆ ದಿನ ಕಂಡುಹಿಡಿಯಲು ಸುಲಭದ ದಾರಿ ಇದು: 9 ತಿಂಗಳು ಕೂಡಿಸಿ, ಮೇಲೆ 7 ದಿನ ಕೂಡಿಸಿ. ಜನವರಿ 10ಕ್ಕೆ 9 ತಿಂಗಳು ಕೂಡಿದರೆ ಅಕ್ಟೋಬರ್ 10. ಮೇಲೆ 7 ದಿನ. ಅಕ್ಟೋಬರ್ 17.

ಮೇ 30ಕ್ಕೆ ಆಕೆಗೆ 20 ವಾರ ತುಂಬಿತು. ಅವತ್ತೇ ಸ್ಕ್ಯಾನಿಂಗ್ ಆಯಿತು. ಕೂಸಿನ ಅಳತೆ 18 ವಾರದಷ್ಟು ಬಂತು. ಎರಡು ವಾರ ಕಡಿಮೆ.

ಆಕೆ ತಾರೀಖು ಹೇಳದೇ ಹೋದರೆ ಏನಾಗುತ್ತದೆ? "ಈಕೆಗೆ ದಿನ ನೆನಪಿಲ್ಲ, ಬಹುಶಃ 18 ವಾರವೇ ಇರಬೇಕು" ಎಂದು ಡಾಕ್ಟರು ತಿಳಿಯುತ್ತಾರೆ. ಅವರನ್ನು ತಪ್ಪು ಎನ್ನಲು ಆಗದು. ಎಷ್ಟೋ ಜನರ ವಿಷಯದಲ್ಲಿ ಅದೇ ನಿಜ. ಹೆರಿಗೆ ದಿನವನ್ನು ಎರಡು ವಾರ ಮುಂದೆ ಹಾಕುತ್ತಾರೆ. ಅಕ್ಟೋಬರ್ 31. ಈಗ ಕಾಗದದ ಮೇಲೆ ಎಲ್ಲಾ ಸರಿಯಾಗಿ ಕಾಣುತ್ತದೆ. ಕೂಸು ಸಣ್ಣದು ಎಂಬ ಸುದ್ದಿ ಮುಚ್ಚಿಹೋಯಿತು. ಅಷ್ಟೇ ಅಲ್ಲ. ಅಕ್ಟೋಬರ್ 17 ಬಂದರೂ "ಇನ್ನೂ ಎರಡು ವಾರ ಇದೆ" ಎಂದು ಎಲ್ಲರೂ ಸುಮ್ಮನಿರುತ್ತಾರೆ. ಒಳಗೆ ಸೊರಗುತ್ತಿರುವ ಕೂಸು ದಿನ ಮೀರಿ ಒಳಗೇ ಉಳಿಯುತ್ತದೆ. ಮಾಸು ಹಳೆಯದಾಗುತ್ತದೆ. ಕೂಸಿಗೆ ರಕ್ತ, ಉಸಿರು ಸಾಲದೇ ಹೋಗಬಹುದು.

ಆಕೆ ತಾರೀಖು ಬರೆದು ತೋರಿಸಿದರೆ? "ನನ್ನ ದಿನ ಖಚಿತ ಇದೆ ಡಾಕ್ಟ್ರೇ, ಜನವರಿ ಹತ್ತು" ಎಂದರೆ? ಆಗ ಡಾಕ್ಟರು ಇನ್ನೊಂದು ಸಲ ಯೋಚಿಸುತ್ತಾರೆ. ದಿನ ಸರಿ ಇದ್ದು ಕೂಸು ಸಣ್ಣದಿದ್ದರೆ ಅದಕ್ಕೆ ಕಾರಣ ಹುಡುಕಬೇಕಾಗುತ್ತದೆ.

ನಮಗೆ ಅನ್ನಿಸುವುದು ಇಷ್ಟು: ನಾವು ಕಲಿತ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಕೆಲಸ ಬೇರೆ ಇಲ್ಲ. ಕ್ಯಾಲೆಂಡರಿನ ಮೇಲೆ ಒಂದು ಗುರುತು. ಅದಕ್ಕೆ ಖರ್ಚು ಏನೂ ಇಲ್ಲ.

ಇದು ನಮ್ಮ ಊರಿನ ಮಾತು ಮಾತ್ರ ಅಲ್ಲ. ಸ್ವೀಡನ್ ಎಂಬ ದೇಶದಲ್ಲಿ ಹೆರಿಗೆಯ ದಾಖಲೆಗಳನ್ನು ಜೋಡಿಸಿ ನೋಡಿದರು. ಸ್ಕ್ಯಾನಿಂಗ್‌ನಲ್ಲಿ ತಾಯಿ ಹೇಳಿದ ದಿನಕ್ಕಿಂತ ಸಣ್ಣದಾಗಿ ಕಂಡ ಕೂಸುಗಳಲ್ಲಿ ಹೆರಿಗೆ ಆಸುಪಾಸಿನಲ್ಲಿ ಸಾವು ಹೆಚ್ಚು ಇತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ವೈದ್ಯರು 1998ರಲ್ಲಿ ಇನ್ನೂ ಮುಂಚಿನ ಮಾತು ಹೇಳಿದರು. ಮೊದಲ ಮೂರು ತಿಂಗಳಲ್ಲೇ ಸಣ್ಣದಾಗಿದ್ದ ಕೂಸುಗಳು ತೂಕ ಕಡಿಮೆಯಾಗಿ ಹುಟ್ಟುವುದು ಹೆಚ್ಚು, ದಿನ ತುಂಬುವ ಮೊದಲೇ ಹುಟ್ಟುವುದೂ ಹೆಚ್ಚು ಎಂದು ಬರೆದರು. ಹಾಗಂತ ಸಣ್ಣದಾಗಿ ಕಂಡ ಕೂಸೆಲ್ಲಾ ಸಾಯುತ್ತದೆ ಎಂದಲ್ಲ. ಬಹಳಷ್ಟು ಕೂಸುಗಳು ಚೆನ್ನಾಗಿಯೇ ಹುಟ್ಟುತ್ತವೆ. ಅಪ್ಪ ಅಮ್ಮ ಇಬ್ಬರೂ ಗಿಡ್ಡ ಇದ್ದರೆ ಕೂಸೂ ಸ್ವಲ್ಪ ಸಣ್ಣದೇ ಇರಬಹುದು. ಆದರೆ ಎಚ್ಚರಿಕೆ ಬೇಕು.

ಹುಟ್ಟಿದ ಮೇಲೆ ಏನು ತೊಂದರೆ?

ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು ಎನ್ನುತ್ತಾರೆ. ಇಂಥ ಕೂಸಿನ ಮೈಯಲ್ಲಿ ಕೊಬ್ಬು ಇರುವುದಿಲ್ಲ. ಬೇಗ ತಣ್ಣಗಾಗುತ್ತದೆ. ಮೊಲೆ ಚೀಪಲು ಶಕ್ತಿ ಸಾಲದು. ರಕ್ತದಲ್ಲಿ ಸಕ್ಕರೆ ಕಡಿಮೆ ಆಗುತ್ತದೆ. ಸೋಂಕು ಬೇಗ ತಗಲುತ್ತದೆ. 2019ರಿಂದ 2021ರವರೆಗೆ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ತೂಕ ಮಾಡಿದ ಕೂಸುಗಳಲ್ಲಿ 100ಕ್ಕೆ 18 ಕೂಸು ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದವು.

ತೊಂದರೆ ಎಳೆತನಕ್ಕೇ ಮುಗಿಯುವುದಿಲ್ಲ. ಇದನ್ನು ಲೋಕಕ್ಕೆ ತಿಳಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ. ಜನ ಅದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದಲೂ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ತಾಯಿಯ ತೂಕವನ್ನೂ ಬರೆದಿದ್ದರು. ಆ ಪುಸ್ತಕಗಳು ಹಾಳಾಗದೆ ಉಳಿದಿದ್ದವು. ಸುಮಾರು 60 ವರ್ಷ ಆದಮೇಲೆ ವೈದ್ಯರು ಅವನ್ನು ತೆರೆದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಮೈಸೂರಿನ ಆಸುಪಾಸಿನಲ್ಲೇ ಇದ್ದ 517 ಜನರನ್ನು ಹುಡುಕಿದರು. ಅವರ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಹೊರಗೆ ಬಂತು. ಸಣ್ಣ ಕೂಸಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಇತ್ತು. ತಾಯಿಯೂ ತೆಳ್ಳಗಿದ್ದು ಕೂಸೂ ಸಣ್ಣದಿದ್ದರೆ ಕಾಯಿಲೆ ಎಲ್ಲರಿಗಿಂತ ಹೆಚ್ಚು.

ನೋಡಿ, ಯಾರೋ ಒಬ್ಬ ನರ್ಸ್ ರಾತ್ರಿ ಹೊತ್ತು ತಕ್ಕಡಿಯಲ್ಲಿ ಕೂಸು ತೂಗಿ ಒಂದು ಸಾಲು ಬರೆದಳು. ಆ ಸಾಲು 60 ವರ್ಷದ ನಂತರ ಡಾಕ್ಟರಿಗೆ ಪಾಠ ಹೇಳಿತು.

ಕೂಸು ಯಾಕೆ ಸೊರಗುತ್ತದೆ?

ಕಾರಣ ಒಂದಲ್ಲ. ಮೊದಲನೇದು ರಕ್ತಹೀನತೆ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ 100 ಬಸುರಿಯರಲ್ಲಿ 52 ಮಂದಿಗೆ ರಕ್ತ ಕಡಿಮೆ. ಹಿಮೋಗ್ಲೋಬಿನ್ 11 ಇರಬೇಕು. 7ಕ್ಕಿಂತ ಕೆಳಗೆ ಇಳಿದರೆ ಅದು ಬಹಳ ಅಪಾಯ. ಎರಡನೇದು ಬಿ.ಪಿ. ಬಿ.ಪಿ. ಏರಿದರೆ ಮಾಸಿಗೆ ಹೋಗುವ ರಕ್ತ ಕಡಿಮೆ ಆಗುತ್ತದೆ. ಮಾಸು ಅಂದರೆ ಕೂಸಿನ ಅಡುಗೆಮನೆ ಇದ್ದ ಹಾಗೆ. ಅಲ್ಲಿ ಒಲೆ ಹತ್ತದಿದ್ದರೆ ಕೂಸಿಗೆ ಊಟ ಎಲ್ಲಿಂದ? ಇನ್ನು ಮಲೇರಿಯಾ, ಕೆಲವು ಸೋಂಕುಗಳು, ಅವಳಿ ಕೂಸು, ಕೂಸಿನಲ್ಲೇ ಇರುವ ಹುಟ್ಟು ದೋಷ, ಇವೂ ಕಾರಣ.

ಬೇಗ ಮದುವೆಯಾಗಿ 16, 17ಕ್ಕೆ ಬಸುರಿ ಆದರೆ ಹುಡುಗಿಯ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ತಾಯಿಗೂ ಊಟ ಬೇಕು, ಕೂಸಿಗೂ ಬೇಕು. ಇಬ್ಬರ ನಡುವೆ ಒಂದೇ ತಟ್ಟೆ. ಒಂದು ಕೂಸಿಗೆ ವರ್ಷ ತುಂಬುವ ಮೊದಲೇ ಇನ್ನೊಂದು ನಿಂತರೂ ಹಾಗೆಯೇ.

ನಮ್ಮ ದಾವಣಗೆರೆ, ಹರಿಹರದ ಕಡೆ ಇನ್ನೊಂದು ಮಾತು ಹೇಳಲೇಬೇಕು. ಬೀಡಿ ಕಟ್ಟುವ ತಾಯಂದಿರು ಇಲ್ಲಿ ಬಹಳ. ತೊಡೆ ಮೇಲೆ ಮೊರ ಇಟ್ಟುಕೊಂಡು ದಿನವೆಲ್ಲಾ ತಂಬಾಕಿನ ಪುಡಿಯ ನಡುವೆ ಕೂರುತ್ತಾರೆ. ಕೆಲವರು ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಾರೆ. ತಂಬಾಕು ಬಾಯಿಂದ ಹೋಗಲಿ, ಹೊಗೆಯಾಗಿ ಹೋಗಲಿ, ಕೂಸಿನ ತೂಕ ಕಡಿಮೆ ಮಾಡುತ್ತದೆ. ಗಂಡ ಮನೆಯೊಳಗೆ ಬೀಡಿ ಸೇದಿದರೆ ಆ ಹೊಗೆಯೂ ಕೂಸಿಗೇ. ಸೌದೆ ಒಲೆಯ ಹೊಗೆ, ಮಂಡಕ್ಕಿ ಭಟ್ಟಿಯ ಹೊಗೆ ಕೂಡ ಒಳ್ಳೆಯದಲ್ಲ. ಬೀಡಿ ಕಟ್ಟುವುದನ್ನು ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಅದು ಹೊಟ್ಟೆಪಾಡು. ಆದರೂ ಬಸುರಿ ಇರುವಷ್ಟು ತಿಂಗಳು ತಂಬಾಕು ಬೆರೆಸುವುದು, ಜರಡಿ ಹಿಡಿಯುವುದು ಬೇರೆಯವರು ಮಾಡಲಿ. ಕೂತು ಕಟ್ಟುವುದಾದರೆ ಗಾಳಿ ಆಡುವ ಕಡೆ ಕೂರಲಿ. ಕೈ ತೊಳೆದು ಊಟ ಮಾಡಲಿ. ಈ ವಿಷಯದಲ್ಲಿ ಗಂಡಸರ ಜವಾಬ್ದಾರಿ ಹೆಣ್ಣುಮಕ್ಕಳದಕ್ಕಿಂತ ಹೆಚ್ಚು ಎಂದೇ ನಾವು ಹೇಳುತ್ತೇವೆ. ಅಣ್ಣಂದಿರು ಈ ಸಾಲನ್ನು ಎರಡು ಸಲ ಓದಲಿ.

ಏನು ತಿನ್ನಬೇಕು?

ಪುಣೆಯ ಹತ್ತಿರ ಆರು ಹಳ್ಳಿಗಳಲ್ಲಿ ವೈದ್ಯರು ಬಸುರಿಯರ ಊಟವನ್ನು ಬರೆದುಕೊಂಡರು. ಹೆರಿಗೆ ಆದಮೇಲೆ ಕೂಸುಗಳನ್ನು ಅಳೆದರು. ಅವರೆಲ್ಲಾ ಹೊಲದಲ್ಲಿ ದುಡಿಯುವ, ತೆಳ್ಳಗಿನ ತಾಯಂದಿರು. 18ನೇ ವಾರದ ಹೊತ್ತಿಗೆ ಹಾಲು ಹೆಚ್ಚು ಕುಡಿದವರ, 28ನೇ ವಾರದ ಹೊತ್ತಿಗೆ ಸೊಪ್ಪು, ಹಣ್ಣು ಹೆಚ್ಚು ತಿಂದವರ ಕೂಸುಗಳು ದೊಡ್ಡದಾಗಿದ್ದವು. 2001ರಲ್ಲಿ ಈ ಸಂಗತಿ ಅಚ್ಚಾಯಿತು. ಸೊಪ್ಪು ದುಬಾರಿ ಪದಾರ್ಥ ಅಲ್ಲ ಎಂಬುದನ್ನು ಗಮನಿಸಿ.

ನಮ್ಮ ಊಟದಲ್ಲಿ ಏನು ಕಡಿಮೆ? ರೊಟ್ಟಿ, ಮೆಂತ್ಯ ಸೊಪ್ಪಿನ ಪಲ್ಯ, ಪುಂಡಿ ಪಲ್ಯ, ನುಗ್ಗೆ ಸೊಪ್ಪು, ಮೊಳಕೆ ಕಟ್ಟಿದ ಹೆಸರುಕಾಳು, ಮಡಿಕೆಕಾಳು, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ತಿನ್ನುವವರು ಮೊಟ್ಟೆ, ಮೀನು ತಿನ್ನಲಿ. ಒಂದು ಲೋಟ ಹಾಲು. ಸಂಜೆ ಬರೇ ಮಂಡಕ್ಕಿ ಮೆಣಸಿನಕಾಯಿ ತಿಂದು ಹೊಟ್ಟೆ ತುಂಬಿಸಿಕೊಂಡರೆ ಆಗುವುದಿಲ್ಲ. ರುಚಿಗೆ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಮಂಡಕ್ಕಿಗೆ ಒಂದು ಹಿಡಿ ಶೇಂಗಾ ಬೆರೆಸಿ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಬಸುರಿ ಉಣ್ಣುವ ಪದ್ಧತಿ ಇದೆಯಲ್ಲ, ಅದು ಕೂಸಿಗೆ ನೇರವಾಗಿ ಕೆಟ್ಟದು. ಅತ್ತೆಯವರು ಒಂದು ರೊಟ್ಟಿ ಕಡಿಮೆ ಮಾಡುವ ಬದಲು ಒಂದು ಹೆಚ್ಚು ಹಾಕಲಿ.

ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, 180 ದಿನ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಚಹಾದ ಜೊತೆ ನುಂಗಿದರೆ ಹತ್ತುವುದಿಲ್ಲ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಿ.

ಅಂಗಡಿಯಲ್ಲಿ ಬಣ್ಣದ ಡಬ್ಬಿಗಳಲ್ಲಿ ಪುಡಿ ಮಾರುತ್ತಾರೆ. "ಕೂಸು ದಪ್ಪ ಆಗುತ್ತೆ" ಎನ್ನುತ್ತಾರೆ. ವಾರದ ಕೂಲಿ ಆ ಡಬ್ಬಿಗೆ ಸುರಿಯಬೇಡಿ. ಆ ದುಡ್ಡಿಗೆ ಎಷ್ಟು ಮೊಟ್ಟೆ, ಎಷ್ಟು ಹಾಲು ಬರುತ್ತದೆ ಎಂದು ಲೆಕ್ಕ ಹಾಕಿ. ಬಸುರಿ ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಊಟ ಕೊಡುವ ಮಾತೃಪೂರ್ಣ ಯೋಜನೆ ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾಯಿತು. ನಿಮ್ಮ ಅಂಗನವಾಡಿಯಲ್ಲಿ ಏನು ಸಿಗುತ್ತದೆ ಎಂದು ಕೇಳಿ ಪಡೆಯಿರಿ. ಅದು ಭಿಕ್ಷೆ ಅಲ್ಲ.

"ಕೂಸು ಸಣ್ಣದಿದೆ" ಎಂದು ಹೇಳಿದರೆ

ಮೊದಲು ಅಳುವುದು ಬೇಡ. ಸೊಸೆಯನ್ನು ಬೈಯುವುದಂತೂ ಬೇಡವೇ ಬೇಡ.

ತಾರೀಖು ಸರಿ ಇದೆಯಾ ಎಂದು ಮತ್ತೊಮ್ಮೆ ನೋಡಿ. ಹಳೆಯ ಸ್ಕ್ಯಾನಿಂಗ್ ವರದಿ ಇದ್ದರೆ ಜೊತೆಗೆ ಒಯ್ಯಿರಿ. ಒಂದೇ ಸಲದ ಅಳತೆಯಿಂದ ಎಲ್ಲಾ ತಿಳಿಯುವುದಿಲ್ಲ. ಎರಡು ಮೂರು ವಾರ ಬಿಟ್ಟು ಮತ್ತೆ ಅಳೆಯಬೇಕು. ಕೂಸು ಸಣ್ಣದಿದ್ದರೂ ತನ್ನ ಪಾಡಿಗೆ ಬೆಳೆಯುತ್ತಿದ್ದರೆ ಸಮಾಧಾನ. ಬೆಳವಣಿಗೆ ನಿಂತಿದ್ದರೆ ಅಪಾಯ. ರಕ್ತ, ಬಿ.ಪಿ., ಮೂತ್ರ ಪರೀಕ್ಷೆ ಆಗಬೇಕು. ಕೂಸಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡಲು ಮುಂದೆ ಡಾಪ್ಲರ್ ಎಂಬ ಸ್ಕ್ಯಾನಿಂಗ್ ಮಾಡುತ್ತಾರೆ. ಒಳಗಿನ ಕೂಸನ್ನು ದಿಢೀರ್ ಅಂತ ದೊಡ್ಡದು ಮಾಡುವ ಔಷಧಿ ಯಾವುದೂ ಇಲ್ಲ. ಸರಿಯಾದ ಹೊತ್ತಿನಲ್ಲಿ, ಸರಿಯಾದ ಜಾಗದಲ್ಲಿ ಹೆರಿಗೆ ಮಾಡಿಸುವುದೇ ಮುಖ್ಯ ಚಿಕಿತ್ಸೆ.

ಅದಕ್ಕೇ ಹೆರಿಗೆ ಎಲ್ಲಿ ಎಂದು ಮೊದಲೇ ತೀರ್ಮಾನಿಸಿ. ತವರು ಮನೆ ಹಳ್ಳಿಯಲ್ಲಿದ್ದರೆ ಅಲ್ಲಿಗೆ ಹೋಗುವ ಮುಂಚೆ ಡಾಕ್ಟರನ್ನು ಕೇಳಿ. ಎಳೆ ಕೂಸಿನ ಆರೈಕೆ ಘಟಕ ಇರುವ ಆಸ್ಪತ್ರೆಯೇ ಬೇಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಹರಿಹರದವರು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಅಲ್ಲಿಂದ ಚೀಟಿ ಬರೆಸಿಕೊಂಡು ಬರಬಹುದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆಗೆ ಎಂದೇ ಇಟ್ಟ ದಿನ. ಈ ಏರ್ಪಾಡು 2016ರಿಂದ ಇದೆ. ನೋವು ಬಂದರೆ 108ಕ್ಕೆ ಫೋನ್ ಮಾಡಿ.

28 ವಾರ ದಾಟಿದ ಮೇಲೆ ಕೂಸು ಒದೆಯುವುದನ್ನು ದಿನಾ ಗಮನಿಸಿ. ಒದೆಯುವುದು ಕಡಿಮೆ ಆಯಿತು ಅನ್ನಿಸಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. "ನಾಳೆ ನೋಡೋಣ, ಇವತ್ತು ಅಮಾವಾಸ್ಯೆ" ಎನ್ನಬೇಡಿ. ತಲೆ ಸಿಡಿತ, ಕಣ್ಣು ಮಂಜು, ಮುಖ ಬಾತರೆ, ರಕ್ತ ಕಂಡರೆ, ನೀರು ಹೋದರೆ ಆಗಲೂ ತಡ ಮಾಡುವಂತಿಲ್ಲ.

ತಾಯಿ ಕಾರ್ಡನ್ನು ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಬೇಡಿ. ಕೈಗೆ ಸಿಗುವ ಕಡೆ ಇರಲಿ. ಅದರಲ್ಲಿ ಎಲ್.ಎಂ.ಪಿ. ಎಂದು ಇರುವಲ್ಲಿ ಕೊನೆಯ ಮುಟ್ಟಿನ ತಾರೀಖು, ಇ.ಡಿ.ಡಿ. ಎಂದು ಇರುವಲ್ಲಿ ಹೆರಿಗೆ ತಾರೀಖು ಇರುತ್ತದೆ. ಬರೆದಿದ್ದಾರೋ ಇಲ್ಲವೋ ನೀವೇ ಓದಿ ನೋಡಿ. ಖಾಲಿ ಇದ್ದರೆ ಆಶಾ ಅಕ್ಕನಿಗೆ ಹೇಳಿ ಬರೆಸಿ. ಹೆರಿಗೆ ತಾರೀಖು ಬದಲಾಯಿಸಿದ್ದರೆ "ಯಾಕೆ ಬದಲಾಯಿಸಿದಿರಿ, ಮೇಡಂ?" ಎಂದು ಕೇಳಿ. ಕೇಳುವುದು ಸೊಕ್ಕು ಅಲ್ಲ.

ಮಾಡಿ ನೋಡಿ

1. ಒಬ್ಬ ತಾಯಿಗೆ ಮಾರ್ಚ್ 4ರಂದು ಕೊನೆಯ ಮುಟ್ಟು ಆಯಿತು. ಹೆರಿಗೆ ದಿನ ಯಾವುದು? 9 ತಿಂಗಳು, 7 ದಿನ ಕೂಡಿಸಿ ಬರೆಯಿರಿ.

2. ಬಿಟ್ಟ ಜಾಗ ತುಂಬಿ: ಹುಟ್ಟುವ ಕೂಸು ಕನಿಷ್ಠ ........ ಕೆ.ಜಿ. ಇರಬೇಕು. ಕಬ್ಬಿಣದ ಮಾತ್ರೆಯನ್ನು ........ ಜೊತೆ ನುಂಗಬಾರದು.

3. ಈ ಪದಗಳನ್ನು ಎರಡು ಸಲ ಬರೆಯಿರಿ: ಬಸುರಿ, ತಾರೀಖು, ಅಳತೆ, ಸುತ್ತಳತೆ, ರಕ್ತಹೀನತೆ, ಸ್ಕ್ಯಾನಿಂಗ್.

4. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬಸುರಿ ಇದ್ದರೆ ಅವರ ತಾಯಿ ಕಾರ್ಡ್ ಕೇಳಿ ಪಡೆಯಿರಿ. ಅದರಲ್ಲಿರುವ ಎರಡು ತಾರೀಖುಗಳನ್ನು ಗಟ್ಟಿಯಾಗಿ ಓದಿ ಹೇಳಿ. ಇವತ್ತಿಗೆ ಅವರಿಗೆ ಎಷ್ಟು ವಾರ ಆಗಿದೆ? ಕ್ಯಾಲೆಂಡರ್ ನೋಡಿ ಎಣಿಸಿ.